ಡಿಎಲ್ ಸಿಕ್ಕ ಮೇಲೆ ಮೊದಲ ವರ್ಷ: ಹೊಸ ಬೈಕ್ ಸವಾರರಿಗೆ ಒಂದು ಮಾರ್ಗದರ್ಶಿ

ಡಿಎಲ್ ಕೈಗೆ ಬಂದಾಯಿತು. ಎಲ್‌ಎಲ್ ಮಾಡಿಸಿ, ತಿಂಗಳು ಕಾದು, ಆರ್‌ಟಿಓ ಟ್ರ್ಯಾಕಿನಲ್ಲಿ ಕಾಲು ಕೆಳಗಿಡದೆ ಎಂಟು ಹಾಕಿ ಪಾಸಾಗಿದ್ದೀರಿ. ಖುಷಿಯ ವಿಷಯ. ಆದರೆ ಆ ಟೆಸ್ಟಿನಲ್ಲಿ ನೋಡಿದ್ದು ಏನು ಅಂತ ಒಮ್ಮೆ ಯೋಚಿಸಿ. ನಿಧಾನಕ್ಕೆ ಹೋಗುವಾಗ ಬ್ಯಾಲೆನ್ಸ್ ಇದೆಯಾ, ಇಂಡಿಕೇಟರ್ ಹಾಕುತ್ತೀರಾ, ಹೇಳಿದ ಕಡೆ ನಿಲ್ಲಿಸುತ್ತೀರಾ, ಅಷ್ಟೆ. ಅರವತ್ತರಲ್ಲಿ ಹೋಗುವಾಗ ನಾಯಿ ಅಡ್ಡ ಬಂದರೆ ಏನು ಮಾಡುತ್ತೀರಿ ಅಂತ ಯಾರೂ ಕೇಳಲಿಲ್ಲ. ಮಳೆಯಲ್ಲಿ, ರಾತ್ರಿಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಿಸಿ ತೋರಿಸಿ ಅಂತಲೂ ಕೇಳಲಿಲ್ಲ. ಅದನ್ನೆಲ್ಲ ನೀವೇ ಕಲಿಯಬೇಕು. ಈ ಲೇಖನ ಇರುವುದು ಅದಕ್ಕೆ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1.68 ಲಕ್ಷ ಜನ. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದಲ್ಲಿ ಇದ್ದವರು. ಹೆದರಿಸುವುದಕ್ಕೆ ಈ ಲೆಕ್ಕ ಕೊಡುತ್ತಿಲ್ಲ. ಹೆದರಿಕೆ ಇರುವ ದಿನಗಳಲ್ಲಿ ಹೊಸಬರು ಹುಷಾರಾಗಿಯೇ ಇರುತ್ತಾರೆ. ತೊಂದರೆ ಶುರುವಾಗುವುದು ಎರಡು ಮೂರು ತಿಂಗಳಾದ ಮೇಲೆ. ಗೇರು ತಾನಾಗಿ ಬೀಳುತ್ತೆ, ಟ್ರಾಫಿಕ್ ರೂಢಿಯಾಗುತ್ತೆ, ಎಲ್ಲ ಬಂತು ಅನಿಸುತ್ತೆ. ಕೈ ಪಳಗುವ ಮೊದಲೇ ಧೈರ್ಯ ಬಂದುಬಿಟ್ಟಿರುತ್ತದೆ. ಆ ನಡುವಿನ ಕಾಲವನ್ನು ದಾಟಿಸಿಕೊಳ್ಳುವುದೇ ಮೊದಲ ವರ್ಷದ ಕೆಲಸ.

ಮೊದಲು ಹೆಲ್ಮೆಟ್

ಗಾಡಿಗೆ ಲಕ್ಷ ಸುರಿದು, ಹೆಲ್ಮೆಟ್ಟನ್ನು ಮಾತ್ರ ರಸ್ತೆ ಬದಿಯಲ್ಲಿ ಚೌಕಾಸಿ ಮಾಡಿ ತರುವವರು ಬಹಳ ಜನ. ತಲೆಯ ಮೇಲ್ಭಾಗ ಮಾತ್ರ ಮುಚ್ಚುವ ಟೋಪಿಯಂಥ ಹೆಲ್ಮೆಟ್ ನಿಮ್ಮನ್ನು ಕಾಪಾಡುವುದಿಲ್ಲ. ಬಿದ್ದಾಗ ಗಲ್ಲ, ದವಡೆ, ಕಿವಿಯ ಪಕ್ಕ, ಎಲ್ಲಿ ಬೇಕಾದರೂ ಪೆಟ್ಟಾಗುತ್ತದೆ. ಮುಖ ಪೂರ್ತಿ ಮುಚ್ಚುವುದನ್ನೇ ತಗೊಳ್ಳಿ.

2021ರ ಜೂನ್‌ನಿಂದ ಐಎಸ್‌ಐ ಗುರುತು ಇಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಗುರುತಿನ ಜೊತೆ ಐಎಸ್ 4151 ಅನ್ನುವ ಸಂಖ್ಯೆ ಇದೆಯಾ ನೋಡಿ. ನಕಲಿ ಸ್ಟಿಕ್ಕರ್ ಅಂಟಿಸಿದ ಮಾಲೂ ಬರುತ್ತದೆ. ಹಾಗಾಗಿ ಬಿಲ್ ಕೊಡುವ ಅಂಗಡಿಗೇ ಹೋಗಿ.

ಅಂಗಡಿಯಲ್ಲಿ ಹಾಕಿಕೊಂಡು ಹತ್ತು ನಿಮಿಷ ಇರಿ. ಕೆನ್ನೆ ಸ್ವಲ್ಪ ಒತ್ತಿದ ಹಾಗಿರಬೇಕು. ಹಣೆಯಲ್ಲಿ ಒಂದೇ ಕಡೆ ನೋವಾಗಬಾರದು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಆಮೇಲೆ ಸ್ಟ್ರಾಪ್ ಹಾಕಿ, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎತ್ತಲು ಬೇರೆಯವರಿಗೆ ಹೇಳಿ. ಸ್ಟ್ರಾಪ್ ಹಾಕಿದ್ದರೂ ಕಳಚಿ ಬಂದರೆ ಆ ಸೈಜ್ ನಿಮ್ಮದಲ್ಲ. ಸ್ಟ್ರಾಪ್ ಮತ್ತು ಗಲ್ಲದ ಮಧ್ಯೆ ಎರಡು ಬೆರಳು ಹೋಗುವಷ್ಟು ಜಾಗ ಸಾಕು. ಸ್ಟ್ರಾಪ್ ಹಾಕದೆ ಸುಮ್ನೆ ತಲೆ ಮೇಲೆ ಇಟ್ಟುಕೊಂಡ ಹೆಲ್ಮೆಟ್, ನೀವು ನೆಲಕ್ಕೆ ಬೀಳುವ ಮೊದಲೇ ಹಾರಿ ಹೋಗಿರುತ್ತದೆ.

ವೈಸರ್ ಬಿಳಿಯದೇ ಇರಲಿ. ಕಪ್ಪು ವೈಸರ್ ಹಗಲಲ್ಲಿ ಚೆನ್ನಾಗಿ ಕಾಣಬಹುದು. ಸಂಜೆ ಮನೆಗೆ ಬರುವಾಗ ಅದನ್ನು ಎತ್ತಿಕೊಂಡು ಓಡಿಸುತ್ತೀರಿ, ಆಗ ಹುಳ, ಧೂಳು ನೇರ ಕಣ್ಣಿಗೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಸರಿಯಾಗಿ ಕಂಡರೂ ಒಳಗಿನ ಥರ್ಮೊಕೋಲ್ ಜಜ್ಜಿ ಹೋಗಿರುತ್ತದೆ. ಅದನ್ನು ಮತ್ತೆ ಬಳಸಬೇಡಿ.

ಹೆಲ್ಮೆಟ್ ಆದಮೇಲೆ ಗ್ಲೌಸ್. ಬೀಳುವಾಗ ಎಲ್ಲರೂ ಮೊದಲು ಊರುವುದು ಅಂಗೈಯನ್ನೇ. ಆಮೇಲೆ ಹಿಮ್ಮಡಿಯ ಗಂಟು ಮುಚ್ಚುವ ಶೂ. ಹವಾಯಿ ಚಪ್ಪಲಿಯಲ್ಲಿ ಗೇರ್ ಹಾಕಬೇಡಿ, ಪಕ್ಕದ ಬೀದಿಯ ಹಾಲಿನ ಅಂಗಡಿಗಾದರೂ ಸರಿ.

ಗಾಡಿ ಯಾವುದು?

ಮೊದಲ ಗಾಡಿ 100ರಿಂದ 150 ಸಿಸಿ ಇರಲಿ ಅನ್ನುವುದು ನನ್ನ ಅಭಿಪ್ರಾಯ. 100 ಸಿಸಿ ಬೈಕು ಸುಮಾರು 110 ಕೆಜಿ ತೂಗುತ್ತದೆ. 350 ಸಿಸಿಯದು 180ರಿಂದ 195ರವರೆಗೂ ಹೋಗುತ್ತದೆ. ಹೈವೇಯಲ್ಲಿ ಆ ತೂಕ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ಯೂ ಟರ್ನ್ ಮಾಡುವಾಗ, ಜಲ್ಲಿಯ ಮೇಲೆ ಗಾಡಿ ವಾಲಿದಾಗ ಗೊತ್ತಾಗುತ್ತದೆ. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಸಿಗಬೇಕು.

ಬ್ರೇಕಿನ ಬಗ್ಗೆ ಒಂದು ವಿಷಯ ತಿಳಿದಿರಲಿ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ಮೇಲಿನ ಗಾಡಿಗಳಿಗೆ ಎಬಿಎಸ್, ಅದಕ್ಕಿಂತ ಕೆಳಗಿನವುಗಳಿಗೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಎಬಿಎಸ್ ಇದ್ದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿಕೊಳ್ಳುವುದಿಲ್ಲ, ಅಂದರೆ ತಿರುಗುವುದು ನಿಂತು ಜಾರುವುದಿಲ್ಲ. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಚಕ್ರ ಕಚ್ಚಿಕೊಳ್ಳುವುದನ್ನು ಅದು ತಡೆಯುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ. ನಿಮ್ಮದು ಯಾವುದು ಅಂತ ಶೋರೂಮಿನಲ್ಲೇ ಕೇಳಿ ತಿಳಿದುಕೊಳ್ಳಿ.

ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಟೈರ್ ಒಮ್ಮೆ ಒತ್ತಿ ನೋಡಿ, ಎರಡೂ ಬ್ರೇಕ್ ಹಿಡಿದು ಹಿಂದಿನ ಲೈಟ್ ಹತ್ತುತ್ತಾ ನೋಡಿ, ಸೈಡ್ ಸ್ಟ್ಯಾಂಡ್ ಎತ್ತಿ. ವಾರಕ್ಕೊಮ್ಮೆ ಗಾಳಿ, ಚೈನಿನ ಬಿಗಿತ. ಹೊಸ ಟೈರ್ ಹಾಕಿಸಿದ್ದರೆ ಮೊದಲ ನೂರು ನೂರೈವತ್ತು ಕಿಲೋಮೀಟರ್ ಅದು ಜಾರುತ್ತದೆ. ಶೋರೂಮಿನಿಂದ ಹೊರಗೆ ತಂದ ಗಾಡಿಯಲ್ಲೂ ಇರುವುದು ಹೊಸ ಟೈರೇ ಅಲ್ವಾ? ಪೂಜೆ ಮಾಡಿಸಿಕೊಂಡು ಬರುವಾಗ ತಿರುವಿನಲ್ಲಿ ವಾಲಿಸಬೇಡಿ.

ಮೈದಾನದಲ್ಲಿ ಬ್ರೇಕ್ ಕಲಿಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಭಾನುವಾರ ಬೆಳಗ್ಗೆ ಖಾಲಿ ಇರುವ ಲೇಔಟ್ ರಸ್ತೆ ಅಥವಾ ಕಾಲೇಜಿನ ಕಾಂಕ್ರೀಟ್ ಅಂಗಳ ಹುಡುಕಿ. ಮಣ್ಣು, ಮರಳು ಇರಬಾರದು. ಜೊತೆಗೆ ಒಬ್ಬರು ಇರಲಿ. ಹೆಲ್ಮೆಟ್, ಗ್ಲೌಸ್, ಶೂ ಹಾಕಿಕೊಳ್ಳಿ.

ನಮ್ಮಲ್ಲಿ ಸೈಕಲ್ ಕಾಲದಿಂದಲೂ ಒಂದು ಮಾತು ಕಿವಿಗೆ ಬಿದ್ದಿದೆ: "ಮುಂದಿನ ಬ್ರೇಕ್ ಹಿಡೀಬೇಡ, ಮಗುಚಿ ಬೀಳ್ತೀಯ." ಇದನ್ನು ನಂಬಿ ಹಿಂದಿನ ಬ್ರೇಕೊಂದನ್ನೇ ತುಳಿಯುವವರು ಈಗಲೂ ಇದ್ದಾರೆ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಟೈರ್ ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಗಾಡಿಯನ್ನು ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಬೀಳಿಸುವುದು ಅದನ್ನು ಗಬಕ್ಕನೆ ಎಳೆಯುವುದು, ಅಥವಾ ಹ್ಯಾಂಡಲ್ ತಿರುಗಿದ್ದಾಗ ಎಳೆಯುವುದು.

ಅಭ್ಯಾಸ ಹೀಗೆ ಮಾಡಿ:

1. ನೆಲದ ಮೇಲೆ ಒಂದು ಗುರುತು ಇಡಿ. ನೀರಿನ ಬಾಟಲ್ ಆದರೂ ಸಾಕು. ಇಪ್ಪತ್ತರ ವೇಗದಲ್ಲಿ ಬಂದು, ಗುರುತಿನ ಹತ್ತಿರ ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ನಿಲ್ಲಿಸಿ.

2. ಮುಂದಿನ ಲಿವರನ್ನು ಮೊದಲು ಮೆತ್ತಗೆ ಹಿಡಿಯಿರಿ. ಮುಂದಿನ ಶಾಕ್ ಕುಗ್ಗುವುದು ಕೈಗೆ ತಿಳಿಯುತ್ತದೆ. ಕುಗ್ಗಿದ ಮೇಲೆ ಒತ್ತಡ ಜಾಸ್ತಿ ಮಾಡುತ್ತಾ ಹೋಗಿ. ಇದೆಲ್ಲ ಒಂದು ಸೆಕೆಂಡಿನೊಳಗೆ ಆಗಬೇಕು, ಆದರೆ ಆ ಎರಡು ಹಂತ ಇರಲೇಬೇಕು.

3. ಗಾಡಿ ನೇರ ಇರಲಿ, ಹ್ಯಾಂಡಲ್ ನೇರ ಇರಲಿ, ಕಣ್ಣು ದೂರಕ್ಕೆ ನೋಡುತ್ತಿರಲಿ. ಮುಂದಿನ ಚಕ್ರವನ್ನೇ ನೋಡಿದರೆ ಬ್ಯಾಲೆನ್ಸ್ ತಪ್ಪುತ್ತದೆ.

4. ಕ್ಲಚ್ಚನ್ನು ಇನ್ನೇನು ನಿಲ್ಲುತ್ತೆ ಅನ್ನುವಾಗ ಹಿಡಿಯಿರಿ. ಮೊದಲೇ ಹಿಡಿದರೆ ಎಂಜಿನ್ನಿನ ಹಿಡಿತ ಕೈಬಿಟ್ಟ ಹಾಗೆ.

5. ಕೈಗೆ ಹತ್ತಿದ ಮೇಲೆ ಮೂವತ್ತು, ಆಮೇಲೆ ನಲವತ್ತು. ಅದಕ್ಕಿಂತ ಜಾಸ್ತಿ ಬೇಡ.

ಎಬಿಎಸ್ ಇರುವ ಗಾಡಿಯಲ್ಲಿ ಜೋರಾಗಿ ಹಿಡಿದಾಗ ಲಿವರ್ ಬೆರಳಿಗೆ ಟಕಟಕ ಅಂತ ಬಡಿಯುತ್ತದೆ. ಗಾಬರಿಯಾಗಿ ಬಿಡಬೇಡಿ, ಹಿಡಿದೇ ಇರಿ. ಎಬಿಎಸ್ ಇಲ್ಲದ ಗಾಡಿಯಲ್ಲಿ ಮುಂದಿನ ಚಕ್ರ ಕಚ್ಚಿಕೊಂಡು ಜಾರಿದರೆ ಆ ಕ್ಷಣವೇ ಸಡಿಲ ಬಿಟ್ಟು ಮತ್ತೆ ಮೆತ್ತಗೆ ಹಿಡಿಯಬೇಕು. ಇದು ಓದಿ ಬರುವುದಿಲ್ಲ. ಬೆರಳಿಗೇ ಅಭ್ಯಾಸ ಆಗಬೇಕು. ತಿಂಗಳಿಗೊಮ್ಮೆ ಹೋಗಿ ಮತ್ತೆ ಮಾಡಿ.

ಅದೇ ಮೈದಾನದಲ್ಲಿ ಕಾಲು ಕೆಳಗಿಡದೆ ಯೂ ಟರ್ನ್, ಕ್ಲಚ್ ಅರ್ಧ ಹಿಡಿದು ಜನ ನಡೆಯುವಷ್ಟು ನಿಧಾನಕ್ಕೆ ಹೋಗುವುದು, ಇವನ್ನೂ ಮಾಡಿ. ಟ್ರಾಫಿಕ್ಕಿನಲ್ಲಿ ಬೇಕಾಗುವುದು ಇದೇ.

ವೇಗದ ಲೆಕ್ಕ

ಅರವತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ ಏನೋ ಬಂತು ಅಂತ ಕಣ್ಣಿಗೆ ಕಂಡು, ಕೈ ಬ್ರೇಕ್ ಹಿಡಿಯುವುದಕ್ಕೇ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಒಂದು ಬಸ್ಸಿಗಿಂತ ಉದ್ದದ ದೂರ ಕಳೆದಿರುತ್ತದೆ, ಬ್ರೇಕ್ ಇನ್ನೂ ಶುರುವೇ ಆಗಿರುವುದಿಲ್ಲ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ನಲವತ್ತರಿಂದ ನಿಲ್ಲಲು ಒಟ್ಟು 21 ಮೀಟರ್, ಅರವತ್ತರಿಂದ 40 ಮೀಟರ್, ಎಂಬತ್ತರಿಂದ 60ಕ್ಕಿಂತ ಜಾಸ್ತಿ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟಾಗುತ್ತದೆ. ಇದು ಪಳಗಿದ ಕೈಯ ಲೆಕ್ಕ. ಹೊಸ ಕೈಗೆ ಇನ್ನೂ ಜಾಸ್ತಿ ಬೇಕು.

ಮೊದಲ ಮೂರು ತಿಂಗಳು ಊರೊಳಗೆ ನಲವತ್ತು, ಹೊರಗೆ ಅರವತ್ತು ಅಂತ ನಿಮಗೆ ನೀವೇ ಗೆರೆ ಹಾಕಿಕೊಳ್ಳಿ. ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡಿನ ಅಂತರ ಇರಲಿ. ಮುಂದಿನವರು ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಿ. ಎಣಿಕೆ ಮುಗಿಯುವ ಮೊದಲು ನೀವು ಆ ಕಂಬದ ಹತ್ತಿರ ಬಂದರೆ ತೀರಾ ಹತ್ತಿರ ಇದ್ದೀರಿ. ಮಳೆಯಲ್ಲಿ ನಾಲ್ಕು ಎಣಿಸಿ. ಬೆಂಗಳೂರಿನಲ್ಲಿ ಆ ಜಾಗಕ್ಕೆ ಇನ್ನೊಬ್ಬರು ನುಗ್ಗುತ್ತಾರೆ, ನಿಜ. ನುಗ್ಗಲಿ. ಮತ್ತೆ ಹಿಂದೆ ಸರಿದು ಜಾಗ ಮಾಡಿಕೊಳ್ಳಿ. ಅದರಿಂದ ನಿಮಗೆ ಹೋಗುವುದು ಒಂದೆರಡು ಸೆಕೆಂಡು ಅಷ್ಟೆ.

ಊರೊಳಗೆ ಏನನ್ನು ನೋಡಬೇಕು

ಆಟೋ ಚಾಲಕರು ಇಂಡಿಕೇಟರ್ ಹಾಕುತ್ತಾರೆ ಅಂತ ಕಾಯಬೇಡಿ. ಆಟೋದ ಮುಂದಿನ ಚಕ್ರ ನೋಡಿ. ಗಾಡಿ ತಿರುಗುವ ಮೊದಲು ಚಕ್ರ ತಿರುಗುತ್ತದೆ. ರಸ್ತೆ ಬದಿ ಯಾರೋ ಕೈ ಎತ್ತಿದರೆ ನಿಮ್ಮ ಮುಂದಿರುವ ಆಟೋ ಎಡಕ್ಕೆ ಬರುವುದು ಖಾತ್ರಿ. ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲಿನಷ್ಟು ಜಾಗ ಬಿಟ್ಟು ಹೋಗಿ. ಒಳಗೆ ತಲೆ ಕಾಣುತ್ತಿದ್ದರೆ ಬಾಗಿಲು ತೆರೆಯಬಹುದು ಅಂತಲೇ ಇಟ್ಟುಕೊಳ್ಳಿ.

ಬಸ್ ಸ್ಟಾಪಿನಲ್ಲಿ ನಿಂತ ಬಸ್ಸಿನ ಎಡಕ್ಕೆ ತೂರಬೇಡಿ, ಜನ ಇಳಿಯುತ್ತಿರುತ್ತಾರೆ. ಬಲದಿಂದ ದಾಟುವಾಗ ಬಸ್ಸಿನ ಮುಂದಿನಿಂದ ಒಬ್ಬರು ರಸ್ತೆಗೆ ಓಡಿ ಬರುತ್ತಾರೆ ಅಂದುಕೊಂಡೇ ದಾಟಿ. ಮೆಟ್ರೋ ಕಂಬಗಳ ನಡುವಿನ ಯೂ ಟರ್ನ್ ಜಾಗದಲ್ಲೂ ಹೀಗೆಯೇ. ಕಂಬದ ಮರೆಯಲ್ಲಿ ಇರುವ ಗಾಡಿ ನಿಮಗೆ ಕಾಣುವುದಿಲ್ಲ, ಅವರಿಗೂ ನೀವು ಕಾಣುವುದಿಲ್ಲ.

ಸಿಗ್ನಲ್ಲಿನಲ್ಲಿ ಲಾರಿ, ಟಿಪ್ಪರ್, ಬಸ್ಸಿನ ಎಡ ಪಕ್ಕ ಸಂದಿ ಇರುತ್ತೆ. ನುಗ್ಗಬೇಕು ಅನಿಸುತ್ತೆ. ಅಲ್ಲಿ ನಿಂತವರು ಡ್ರೈವರಿಗೆ ಕಾಣುವುದಿಲ್ಲ. ಉದ್ದ ಗಾಡಿ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಬರುತ್ತದೆ. ಸಂದಿಯಲ್ಲಿ ಇರುವವರು ನೇರ ಅದರ ಕೆಳಗೆ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ, ಅವರಿಗೆ ನೀವೂ ಕಂಡಿಲ್ಲ. ಹಿಂದೆಯೇ ನಿಲ್ಲಿ.

ಹಸಿರು ಬಿದ್ದ ತಕ್ಷಣ ಹಾರಬೇಡಿ. ಅಡ್ಡ ರಸ್ತೆಯಲ್ಲಿ ಕೆಂಪು ದಾಟಿಕೊಂಡು ಬರುವ ಕೊನೆಯ ಗಾಡಿ ಹೋಗಲಿ. ಎರಡೂ ಕಡೆ ಒಮ್ಮೆ ನೋಡಿ ಹೊರಡಿ. ಒನ್ ವೇ ದಾಟುವಾಗಲೂ ಎರಡೂ ಕಡೆ ನೋಡಿ, ಯಾಕೆ ಅಂತ ನಿಮಗೇ ಗೊತ್ತು.

ನಾಯಿ ಅಟ್ಟಿಸಿಕೊಂಡು ಬಂದರೆ ಕಾಲು ಎತ್ತಬೇಡಿ, ಒದೆಯಬೇಡಿ. ಸ್ವಲ್ಪ ನಿಧಾನ ಮಾಡಿ, ಅದು ಹತ್ತಿರ ಬಂದಾಗ ನೇರವಾಗಿ ಮುಂದೆ ಹೋಗಿ. ಬೀಳುವವರು ಕಾಲು ಎತ್ತಿ ಬ್ಯಾಲೆನ್ಸ್ ತಪ್ಪಿಯೇ ಬೀಳುವುದು.

ಊರಾಚೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಹೋಗುವಂತಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಎದುರಿನಿಂದ ಬರುವವರು, ಹಳ್ಳಿಯಿಂದ ದಿಢೀರ್ ಅಂತ ಸೇರುವವರು ಜಾಸ್ತಿ. ಅರವತ್ತು ಅಂದರೆ ಅಲ್ಲಿ ಅರವತ್ತೇ.

ಹಳ್ಳಿ ಶುರುವಾಯಿತು ಅಂದರೆ ಹಂಪ್ ಇದ್ದೇ ಇರುತ್ತದೆ. ಬಣ್ಣ ಇರುವುದಿಲ್ಲ, ಬೋರ್ಡೂ ಇರುವುದಿಲ್ಲ. ಶಾಲೆ, ದೇವಸ್ಥಾನ, ಬಸ್ ಸ್ಟ್ಯಾಂಡ್ ಕಂಡ ಕೂಡಲೇ ವೇಗ ಇಳಿಸಿ. ಗೊತ್ತಾಗದೆ ಹಂಪ್ ಹತ್ತಿರ ಬಂದುಬಿಟ್ಟರೆ ಅದಕ್ಕೆ ಮುಂಚೆ ಆದಷ್ಟು ಬ್ರೇಕ್ ಹಿಡಿದು, ಹತ್ತುವ ಹೊತ್ತಿಗೆ ಬಿಟ್ಟುಬಿಡಿ. ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಲ್ಲಿ.

ಸುಗ್ಗಿಯ ಕಾಲದಲ್ಲಿ ಹಳೇ ಮೈಸೂರು ಕಡೆ ಓಡಿಸುವವರು ಒಂದು ವಿಷಯ ತಿಳಿದಿರಲೇಬೇಕು. ಹುರುಳಿ, ರಾಗಿ ಕೊಯ್ದು ತಂದು ಟಾರ್ ರಸ್ತೆಗೇ ಹರಡಿರುತ್ತಾರೆ, ಗಾಡಿಗಳ ಚಕ್ರ ಹತ್ತಿ ಕಾಳು ಉದುರಲಿ ಅಂತ. ಕಾರಿನವರು ನಿಧಾನಕ್ಕೆ ದಾಟಿಕೊಂಡು ಹೋಗುತ್ತಾರೆ. ಬೈಕಿಗೆ ಅದು ಬೇರೆಯೇ ಕಥೆ. ಮೇಲೆ ಮೆತ್ತನೆಯ ಹುಲ್ಲು ಕಾಣುತ್ತದೆ, ಅದರ ಕೆಳಗೆ ಉದುರಿದ ದುಂಡು ಕಾಳು. ಟೈರ್ ರಸ್ತೆಯನ್ನು ಮುಟ್ಟುವುದೇ ಇಲ್ಲ. ದೂರದಿಂದಲೇ ನೋಡಿ, ಒಕ್ಕಣೆ ಶುರುವಾಗುವ ಮೊದಲೇ ಪೂರ್ತಿ ನಿಧಾನ ಮಾಡಿ. ಎರಡನೇ ಗೇರಿನಲ್ಲಿ, ನೇರವಾಗಿ, ಬ್ರೇಕ್ ಮುಟ್ಟದೆ, ರೈಸ್ ಮಾಡದೆ ದಾಟಿ. ಪಕ್ಕದಲ್ಲಿ ಒಂದು ಗೇಣು ಟಾರು ಕಾಣುತ್ತೆ ಅಂತ ಹುಲ್ಲಿನ ಮೇಲೆ ಹ್ಯಾಂಡಲ್ ತಿರುಗಿಸಬೇಡಿ. ತಿರುವಿನಲ್ಲೇ ಹರಡಿದ್ದರೆ ಇಳಿದು ತಳ್ಳಿಕೊಂಡು ಹೋಗಿ, ಯಾರೂ ನಗುವುದಿಲ್ಲ.

ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬಿನ ಟ್ರ್ಯಾಕ್ಟರ್. ಎರಡೆರಡು ಟ್ರೇಲರ್, ಹಿಂದೆ ಕೆಂಪು ಲೈಟ್ ಇರುವುದು ಕಡಿಮೆ, ಜಲ್ಲೆ ಪಕ್ಕಕ್ಕೂ ಹಿಂದಕ್ಕೂ ಚಾಚಿರುತ್ತದೆ. ಹಾಡು ಜೋರಾಗಿ ಹಾಕಿದ್ದರೆ ನಿಮ್ಮ ಹಾರನ್ ಕೇಳಿಸುವುದೂ ಇಲ್ಲ. ಎದುರು ರಸ್ತೆ ದೂರದವರೆಗೂ ಖಾಲಿ ಕಂಡರೆ ಮಾತ್ರ ಓವರ್‌ಟೇಕ್ ಮಾಡಿ. ಸೇತುವೆ ಮೇಲೆ, ತಿರುವಿನಲ್ಲಿ, ಏರಿನ ತುದಿಯಲ್ಲಿ ಬೇಡವೇ ಬೇಡ. ಮುಂದಿನ ಗಾಡಿ ಓವರ್‌ಟೇಕ್ ಮಾಡಿತು ಅಂತ ಅದರ ಬಾಲ ಹಿಡಿದು ಹೋಗಬೇಡಿ. ಅವರಿಗೆ ಸಿಕ್ಕ ಜಾಗ ಅವರಿಗಷ್ಟೇ ಸಾಕಾಗುವಷ್ಟಿತ್ತು.

ಮಳೆ ಮತ್ತು ರಾತ್ರಿ

ಬೇಸಿಗೆಯ ನಂತರದ ಮೊದಲ ಮಳೆಗೆ ರಸ್ತೆ ಅತಿ ಹೆಚ್ಚು ಜಾರುತ್ತದೆ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ನೀರಿನ ಜೊತೆ ಸೇರಿ ಲೋಳೆಯಾಗುತ್ತದೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ಎಲ್ಲಾದರೂ ನಿಂತು ಕಾಫಿ ಕುಡಿಯಿರಿ. ಆದರೆ ಫ್ಲೈಓವರ್ ಕೆಳಗೆ ರಸ್ತೆಯ ಮೇಲೇ ನಿಲ್ಲಬೇಡಿ, ಹಿಂದೆ ಬರುವವರಿಗೆ ಕಾಣುವುದಿಲ್ಲ.

ಒದ್ದೆಯಲ್ಲಿ ಜಾರುವುದು ಜೀಬ್ರಾ ಪಟ್ಟಿಯ ಬಣ್ಣ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ಸೇತುವೆಯ ಕಬ್ಬಿಣದ ಜಾಯಿಂಟ್, ಮಲೆನಾಡಿನಲ್ಲಿ ರಸ್ತೆಯಂಚಿನ ಪಾಚಿ. ಇವುಗಳ ಮೇಲೆ ಗಾಡಿ ನೇರ ಇರಲಿ, ಬ್ರೇಕ್ ಬೇಡ. ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಡೀಸೆಲ್. ನೀರು ನಿಂತ ಗುಂಡಿಯ ಆಳ ಗೊತ್ತಾಗುವುದಿಲ್ಲ, ಮುಂದಿನ ಗಾಡಿ ಹೋದ ಜಾಡಿನಲ್ಲೇ ಹೋಗಿ.

ರಾತ್ರಿ ಡಿಪ್ ಲೈಟಿನಲ್ಲಿ ಸರಿಯಾಗಿ ಕಾಣುವುದು ಸುಮಾರು ಮೂವತ್ತು ನಲವತ್ತು ಮೀಟರ್. ಮೇಲಿನ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ಅರವತ್ತರಲ್ಲಿ ಹೋದರೆ, ಕಂಡದ್ದಕ್ಕೆ ಗುದ್ದದೆ ನಿಲ್ಲಲು ಆಗುವುದಿಲ್ಲ. ಎದುರಿನವರ ಹೈ ಬೀಮ್ ಕಣ್ಣಿಗೆ ಹೊಡೆದಾಗ ರಸ್ತೆಯ ಎಡ ಅಂಚು ನೋಡಿ, ನಿಧಾನ ಮಾಡಿ. ಸಿಟ್ಟಿಗೆ ನೀವೂ ಹೈ ಬೀಮ್ ಹಾಕಿದರೆ ಇಬ್ಬರಿಗೂ ಕಾಣುವುದಿಲ್ಲ. ಮೊದಲ ಆರು ತಿಂಗಳು ರಾತ್ರಿ ಹೈವೇ ಬೇಡ. ಬಂಡೀಪುರದ ದಾರಿಯಂತೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಆ ಕಡೆ ಹೋಗುವುದಾದರೆ ಗೇಟು ಮುಚ್ಚುವ ಹೊತ್ತಿಗೆ ಸರಿಯಾಗಿ ಓಡಿ ಹೋಗುವ ಲೆಕ್ಕ ಹಾಕಬೇಡಿ.

ಘಾಟಿ ಯಾವಾಗ?

ಆಗುಂಬೆ, ಚಾರ್ಮಾಡಿ, ಕುದುರೆಮುಖ ಎಲ್ಲೂ ಓಡಿಹೋಗುವುದಿಲ್ಲ. ಆರು ತಿಂಗಳು ಕಳೆಯಲಿ, ಒಂದು ಮಳೆಗಾಲ ಊರಿನಲ್ಲೇ ಓಡಿಸಿರಿ, ಆಮೇಲೆ ಹೋಗಿ.

ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ಗೇರ್ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ಒಂದೇ ವೇಗದಲ್ಲಿ ಹೋಗಿ. ಗಾಡಿ ನಿಮ್ಮ ಕಣ್ಣು ನೋಡಿದ ಕಡೆ ಹೋಗುತ್ತದೆ. ತಡೆಗೋಡೆ ನೋಡಿದರೆ ತಡೆಗೋಡೆಗೆ, ತಿರುವಿನಾಚೆಯ ರಸ್ತೆ ನೋಡಿದರೆ ರಸ್ತೆಗೆ. ವೇಗ ಜಾಸ್ತಿಯಾಯಿತು ಅನಿಸಿದರೂ ಕಣ್ಣನ್ನು ರಸ್ತೆಯಿಂದ ಕೀಳಬೇಡಿ, ಇನ್ನೂ ಸ್ವಲ್ಪ ವಾಲಿಸಿ. ಹೊಸಬರು ಘಾಟಿಯಲ್ಲಿ ಬೀಳುವುದು ಬಹುಪಾಲು ಗಾಬರಿಯಿಂದ ನಟ್ಟ ನಡು ತಿರುವಿನಲ್ಲಿ ಬ್ರೇಕ್ ಎಳೆದು.

ಬಲ ತಿರುವಿನಲ್ಲಿ ಗಾಡಿ ವಾಲಿದಾಗ ಚಕ್ರ ನಿಮ್ಮ ಕಡೆ ಇದ್ದರೂ ತಲೆ ಮಧ್ಯದ ಗೆರೆ ದಾಟಿ ಆಚೆ ಹೋಗಿರುತ್ತದೆ. ಎದುರಿಗೆ ಬಸ್ ಬಂದರೆ? ಹಾಗಾಗಿ ಗೆರೆಯಿಂದ ದೂರವೇ ಇರಿ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕು. ಕಂಡ ಕೂಡಲೇ ಹಿಂದೆಯೇ ನಿಂತು ದಾರಿ ಬಿಡಿ. ಹತ್ತುವ ಗಾಡಿಗೆ ಇಳಿಯುವವರು ಜಾಗ ಕೊಡಬೇಕು ಅನ್ನುವುದು ನಿಯಮ. ಇಳಿಯುವಾಗ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸಲು ಹೋಗಬೇಡಿ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಬಿಸಿಯಾಗುವುದು ತಪ್ಪುತ್ತದೆ.

ಹಿಂದೆ ಕೂರುವವರು

ಒಬ್ಬರೇ ಓಡಿಸಿ ಮೂರು ತಿಂಗಳಾಗುವವರೆಗೆ ಯಾರನ್ನೂ ಕೂರಿಸಿಕೊಳ್ಳಬೇಡಿ. ಅಮ್ಮ ದೇವಸ್ಥಾನಕ್ಕೆ ಬಿಡು ಅಂದರೂ "ಇನ್ನೂ ಸ್ವಲ್ಪ ದಿನ ಅಮ್ಮ" ಅನ್ನಿ. ಅರವತ್ತು ಕೆಜಿ ಹಿಂದೆ ಸೇರಿದರೆ ಬ್ರೇಕ್ ಹಿಡಿಯುವ ದೂರ, ತಿರುಗುವ ರೀತಿ, ನಿಂತಾಗಿನ ಬ್ಯಾಲೆನ್ಸ್ ಎಲ್ಲ ಬದಲಾಗುತ್ತದೆ. ಹಿಂದಿನ ಟೈರಿಗೆ ಗಾಳಿಯೂ ಜಾಸ್ತಿ ಬೇಕು.

ಸೀರೆ ಉಟ್ಟವರು, ದುಪಟ್ಟಾ ಹಾಕಿದವರು ಹತ್ತಿದ ಮೇಲೆ ನೀವು ಇಳಿದು ಒಮ್ಮೆ ನೋಡಿ. ಸೆರಗು, ದುಪಟ್ಟಾ ಗಂಟು ಹಾಕಿ ಮಡಿಲಲ್ಲಿ ಇರಬೇಕು. ಚಕ್ರಕ್ಕೆ ಸಿಕ್ಕಿದರೆ ಕ್ಷಣದಲ್ಲಿ ಕುತ್ತಿಗೆ ಎಳೆಯುತ್ತದೆ. ಸೀರೆ ಗಾರ್ಡ್ ಚೆನ್ನಾಗಿ ಕಾಣಲ್ಲ ಅಂತ ಹೊಸ ಗಾಡಿಯಿಂದ ಕಿತ್ತು ಹಾಕುವ ಹುಡುಗರಿದ್ದಾರೆ. ದಯವಿಟ್ಟು ಕೀಳಬೇಡಿ, ಕಾನೂನಿನ ಪ್ರಕಾರವೂ ಅದು ಇರಲೇಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವಾಗ ಮಗುವಿಗೆ ಹೆಲ್ಮೆಟ್, ಸೇಫ್ಟಿ ಬೆಲ್ಟ್ ಬೇಕು, ವೇಗ ನಲವತ್ತು ಮೀರಬಾರದು. ಈ ನಿಯಮ 2023ರ ಫೆಬ್ರವರಿಯಿಂದ ಇದೆ. ಟ್ಯಾಂಕಿನ ಮೇಲೆ ಮಗುವನ್ನು ಕೂರಿಸುವುದನ್ನು ಬಿಡಿ.

ಬೇಡ ಅನ್ನುವುದನ್ನು ಅಭ್ಯಾಸ ಮಾಡಿ

"ಏನ್ ಮಗಾ, ಇಷ್ಟೇನಾ ನಿನ್ ಗಾಡಿ?" ಈ ಒಂದು ಮಾತು ಎಷ್ಟೋ ಹುಡುಗರ ಆಕ್ಸಿಲರೇಟರ್ ತಿರುಗಿಸಿದೆ. ಉತ್ತರ ಈಗಲೇ ಯೋಚಿಸಿಟ್ಟುಕೊಳ್ಳಿ. "ಹೌದು ಕಣೋ, ಇಷ್ಟೇ. ನೀ ಮುಂದೆ ಹೋಗಿರು, ಬರ್ತೀನಿ." ಗುಂಪಿನಲ್ಲಿ ಹೋಗುವುದಾದರೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಆಗ ಮುಂದಿನವರನ್ನು ಹಿಡಿಯಬೇಕು ಅನ್ನುವ ಅವಸರ ಇರುವುದಿಲ್ಲ. ಹೊಸಬರನ್ನು ಕೊನೆಯಲ್ಲಿ ಬಿಟ್ಟು ಓಡುವ ಗುಂಪಿನ ಜೊತೆ ಹೋಗಲೇಬೇಡಿ.

ಶನಿವಾರ ಇಡೀ ರಾತ್ರಿ ಹರಟೆ ಹೊಡೆದು, ಮೂರು ಗಂಟೆಗೆ ಎದ್ದ ಹಾಗೆ ಮಾಡಿ ನಂದಿಬೆಟ್ಟದ ಸೂರ್ಯೋದಯಕ್ಕೆ ಹೊರಡುವುದು ಬೆಂಗಳೂರಿನಲ್ಲಿ ಪ್ರತಿ ವಾರ ನಡೆಯುತ್ತದೆ. ಏರ್‌ಪೋರ್ಟ್ ರಸ್ತೆ ಖಾಲಿ, ಕಣ್ಣಲ್ಲಿ ನಿದ್ದೆ, ಪಕ್ಕದಲ್ಲಿ ಸ್ನೇಹಿತರು. ಮಲಗಿ ಎದ್ದು ಹೋಗಿ. ಆಗದಿದ್ದರೆ ಮುಂದಿನ ವಾರ ಹೋಗಿ. ಕುಡಿದರೆ ಗಾಡಿ ಮುಟ್ಟಬೇಡಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಹೊಸ ಸವಾರರು ಆ ಲೆಕ್ಕಕ್ಕೂ ಹೋಗದೆ ಸೊನ್ನೆಯೇ ಅಂತ ಇಟ್ಟುಕೊಳ್ಳಬೇಕು.

ಕಟ್ ಹೊಡೆದು ಹೋದವರನ್ನು ಅಟ್ಟಿಸಿಕೊಂಡು ಹೋಗಬೇಡಿ. ಸಿಟ್ಟು ಬಂದರೆ ಎಡಕ್ಕೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ನೀರು ಕುಡಿದು ಹೊರಡಿ. ಮನೆಯಲ್ಲಿ ಜಗಳವಾದ ದಿನ, ಇಂಟರ್‌ವ್ಯೂಗೆ ತಡವಾದ ದಿನ ಬಸ್ಸೋ ಆಟೋವೋ ಹಿಡಿಯಿರಿ. ಫೋನು ಜೇಬಿನಲ್ಲಿರಲಿ. ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುವವರಿಗೆ ಹಿಂದಿನ ಲಾರಿಯ ಹಾರನ್ ಕೇಳಿಸುವುದಿಲ್ಲ.

ಬಿದ್ದರೆ

ಇಷ್ಟೆಲ್ಲ ಮಾಡಿಯೂ ಒಮ್ಮೆ ಬೀಳಬಹುದು. ಮೊದಲು ರಸ್ತೆಯಿಂದ ಪಕ್ಕಕ್ಕೆ ಬನ್ನಿ, ಗಾಡಿ ಆಮೇಲೆ. ಕುತ್ತಿಗೆ, ಬೆನ್ನು ನೋಯುತ್ತಿದ್ದರೆ ಅಲುಗಾಡಬೇಡಿ, ಹೆಲ್ಮೆಟ್ ಕೀಳಲೂ ಬಿಡಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಯಾಗಿದೆ. ಬೇರೆಯವರು ಬಿದ್ದದ್ದು ಕಂಡರೆ ನಿಂತು ಸಹಾಯ ಮಾಡಿ. 2019ರ ತಿದ್ದುಪಡಿಯ ನಂತರ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯಲ್ಲೇ ರಕ್ಷಣೆ ಇದೆ.

ತಲೆಗೆ ಪೆಟ್ಟಾಗಿದ್ದರೆ, ಎದ್ದು ಓಡಾಡುವಂತಿದ್ದರೂ ಆಸ್ಪತ್ರೆಗೆ ಹೋಗಿ. ವಾಂತಿ, ಮಂಪರು, ತಲೆನೋವು ಗಂಟೆಗಳ ನಂತರವೂ ಬರಬಹುದು, ಅದಕ್ಕೆ ಆ ರಾತ್ರಿ ಒಬ್ಬರೇ ಇರಬೇಡಿ. ಇನ್ಶೂರೆನ್ಸ್ ಕಾಗದ ಹುಡುಕಿ ಇಡಿ. ಗಾಡಿಯ ಮಾಲೀಕರೇ ಓಡಿಸುತ್ತಿದ್ದು ಡಿಎಲ್ ಸರಿಯಿದ್ದರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಗಾಡಿ ಕೊಳ್ಳುವಾಗಲೇ ಅದು ಪಾಲಿಸಿಯಲ್ಲಿ ಸೇರಿದೆಯಾ, ನಾಮಿನಿ ಹೆಸರು ಬರೆದಿದೆಯಾ ನೋಡಿಕೊಳ್ಳಿ.

ಬಿದ್ದ ಗಾಡಿಯನ್ನು ಹಾಗೇ ಸ್ಟಾರ್ಟ್ ಮಾಡಿ ಹೊರಡಬೇಡಿ. ಹ್ಯಾಂಡಲ್ ನೇರ ಇದೆಯಾ, ಬ್ರೇಕ್ ಲಿವರ್ ಬಗ್ಗಿದೆಯಾ, ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ತಾನಾಗಿ ವಾಪಸ್ ಬರುತ್ತಾ, ಮುಂದಿನ ಚಕ್ರ ಸಲೀಸಾಗಿ ತಿರುಗುತ್ತಾ ನೋಡಿ. ಇದರಲ್ಲಿ ಒಂದು ಸರಿಯಿಲ್ಲ ಅಂದರೂ ಟೆಂಪೋಗೆ ಹಾಕಿಸಿ ಗ್ಯಾರೇಜಿಗೆ ಕಳಿಸಿ. ನಿಮ್ಮ ಕೈ ನಡುಗುತ್ತಿದ್ದರೂ ಅಷ್ಟೇ, ಆ ದಿನ ಬೇರೆಯವರ ಜೊತೆ ಮನೆಗೆ ಹೋಗಿ.